ದೇವರನ್ನು ಬೈಯುವ ಹಾಡು ನಾಸ್ತಿಕರ ಹಾಡೇ?

ಪ್ರಶ್ನೆ: ಹೋದ ವರ್ಷ ನನ್ನ ಅಣ್ಣ ತೀರಿಕೊಂಡ. ಅದಾದ ಮೇಲೆ ನಮ್ಮಮ್ಮ ಭಜನಾ ಮಂಡಳಿಯಲ್ಲಿ ಒಂದೇ ಹಾಡು ಹೇಳುತ್ತಾರೆ. ‘ಕರುಣಾಕರ ನೀನೆಂಬುವುದ್ಯಾತಕೋ ಭರವಸವಿಲ್ಲೆನಗೆ’ ಅನ್ನುವ ಪುರಂದರದಾಸರ ಪದ. ಪಿಯುಸಿ ಓದುವ ನನ್ನ ಮಗಳು, ‘ಅಜ್ಜಿ ದೇವರನ್ನ ನಂಬೋದು ಬಿಟ್ಟಿದ್ದಾರೆ, ಆ ದಾಸರಿಗೂ ನಂಬಿಕೆ ಇರಲಿಲ್ಲ’ ಅಂತಾಳೆ. ಮಂಡಳಿಯ ಹಿರಿಯರೊಬ್ಬರು, ‘ಅದು ನಿಂದಾಸ್ತುತಿ ಕಣಮ್ಮ, ಬೈದ ಹಾಗೆ ಮಾಡಿ ಹೊಗಳೋದು, ಅಷ್ಟೇ’ ಅಂತಾರೆ. ಇದೇ ಹಿರಿಯರು, ನನ್ನ ಮಗಳು ‘ಎಲ್ಲೋ ಹುಡುಕಿದೆ ಇಲ್ಲದ ದೇವರ’ ಹಾಡಿದಾಗ ‘ನಾಸ್ತಿಕರ ಹಾಡು ಇಲ್ಲಿ ಬೇಡ’ ಅಂದರು. ಯಾರು ಸರಿ? ಒಂದು ಹಾಡು ನಂಬಿಕೆಯದ್ದೋ ಸಂಶಯದ್ದೋ ಅಂತ ತಿಳಿಯೋದು ಹೇಗೆ? (ಶಿವಮೊಗ್ಗ ಕಡೆಯ ಓದುಗರೊಬ್ಬರು)

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮಗನನ್ನು ಕಳೆದುಕೊಂಡವರು ದಾಸರ ಪದಗಳ ರಾಶಿಯಲ್ಲಿ ಈ ಒಂದು ಪದವನ್ನು ಹುಡುಕಿ ಹಿಡಿದಿದ್ದಾರೆ ಅಂದರೆ, ಅವರು ಹಾಡನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದಾರೆ.

ನಿಮ್ಮ ಮಗಳೂ ಆ ಹಿರಿಯರೂ ಎದುರುಬದುರು ನಿಂತ ಹಾಗೆ ಕಾಣುತ್ತಾರೆ. ನನಗೆ ಮಾತ್ರ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ ಅನ್ನಿಸುತ್ತದೆ. ಇಬ್ಬರೂ ಹಾಡನ್ನು ಬೇಗ ಮುಗಿಸಿಬಿಡುತ್ತಾರೆ. ಮಗಳು ಪಲ್ಲವಿಗೇ ನಿಂತುಬಿಡುತ್ತಾಳೆ. ಹಿರಿಯರು ನೇರವಾಗಿ ಕೊನೆಯ ಅಂಕಿತಕ್ಕೆ, ಅಂದರೆ ‘ಪುರಂದರ ವಿಠಲ’ ಅನ್ನುವ ಮುದ್ರೆಗೆ ಹಾರುತ್ತಾರೆ. ನಡುವೆ ಏನಿದೆ ಅಂತ ಯಾರೂ ಕೇಳುತ್ತಿಲ್ಲ. ಹಾಗಾಗಿ ಆ ನಡುವಿನಿಂದಲೇ ಶುರು ಮಾಡೋಣ.

‘ಕರುಣಾಕರ’ ಪದದ ಮೊದಲ ಚರಣದಲ್ಲಿ ದಾಸರು ಹೇಳುತ್ತಾರೆ: ‘ಕರಿ ಧ್ರುವ ಬಲಿ ಪಾಂಚಾಲಿ ಅಹಲ್ಯೆಯ ಪೊರೆದವ ನೀನಂತೆ’. ಆನೆಯನ್ನು ಮೊಸಳೆಯಿಂದ ಬಿಡಿಸಿದವನು ನೀನಂತೆ, ದ್ರೌಪದಿಯ ಮಾನ ಕಾಪಾಡಿದವನು ನೀನಂತೆ. ಸರಿ, ಇದು ಎಲ್ಲರೂ ಹೇಳುವ ಪಟ್ಟಿ. ಮುಂದಿನ ಸಾಲು ನೋಡಿ: ‘ಅರಿತು ವಿಚಾರಿಸಿ ನೋಡಲು ಅದೆಲ್ಲ ಪರಿಪರಿ ಕಂತೆಗಳಂತೆ’. ಯೋಚಿಸಿ ನೋಡಿದರೆ ಅದೆಲ್ಲ ಬರೀ ಅಂತೆಕಂತೆ ಅಂತ ಹೇಳುತ್ತಿದ್ದಾರೆ. ಯಾರು ಹೇಳುತ್ತಿರುವುದು ಅನ್ನುವುದನ್ನು ಮರೆಯಬೇಡಿ. ಇದೇ ಗಜೇಂದ್ರನ ಕಥೆ, ಇದೇ ದ್ರೌಪದಿಯ ಕಥೆಗಳನ್ನು ಬೇರೆ ಪದಗಳಲ್ಲಿ ಮತ್ತೆ ಮತ್ತೆ ಹಾಡಿದ ಮನುಷ್ಯ. ಈ ಕಥೆಗಳೇ ಅವರ ಆಸ್ತಿ. ಆ ಆಸ್ತಿಯನ್ನೇ ಎತ್ತಿಕೊಂಡು ಇದು ನಿಜವೋ ಸುಳ್ಳೋ ಅಂತ ಕೇಳುತ್ತಿದ್ದಾರೆ. ಇದನ್ನು ಸುಮ್ನೆ ಅಲಂಕಾರ ಅಂದುಬಿಟ್ಟರೆ ಆ ಸಾಲಿಗೆ ಅನ್ಯಾಯ ಆಗುತ್ತದೆ.

ಆಮೇಲೆ ಹಾಡು ಇನ್ನೊಂದು ಕಡೆ ತಿರುಗುತ್ತದೆ. ನೀನು ನಿಜವಾಗಿ ಕರುಣಾಕರ ಆಗಿದ್ದರೆ ಈಗಲೇ ಕೈ ಹಿಡಿದು ಕಾಯಿ. ನೀನು ಅರಸನೇ ಆಗಿದ್ದರೆ ಈ ಕಷ್ಟಗಳು ನನ್ನನ್ನು ಯಾಕೆ ಕಾಡಬೇಕು? ಕೊನೆಗೆ ಒಂದು ಷರತ್ತು ಬರುತ್ತದೆ. ನಿನ್ನ ಬಿರುದುಗಳು ಉಳಿಯಬೇಕಾ? ಹಾಗಾದರೆ ಬೇಗ ಕಾಯಿ, ಪುರಂದರ ವಿಠಲ. ದಾಸರು ಬಾಳಿದ್ದು ವಿಜಯನಗರದ ಕಾಲದಲ್ಲಿ. ಅಲ್ಲಿ ಬಿರುದು ಅಂದರೆ ತಮಾಷೆ ಅಲ್ಲ. ರಾಜರ ಹೆಸರಿನ ಮುಂದೆ ಸಾಲು ಸಾಲು ಬಿರುದು ಹೇಳುತ್ತಿದ್ದ ಕಾಲ ಅದು. ಬಿರುದಿಗೆ ತಕ್ಕ ಹಾಗೆ ನಡೆಯದಿದ್ದರೆ ಮಾನ ಹೋದ ಹಾಗೆ. ದಾಸರು ದೇವರನ್ನು ಅದೇ ಲೆಕ್ಕಕ್ಕೆ ತಂದು ನಿಲ್ಲಿಸುತ್ತಾರೆ.

ಗಮನಿಸಿ, ಇಡೀ ಪದದಲ್ಲಿ ಒಂದು ಸಲವೂ ‘ದೇವರು ಇಲ್ಲ’ ಅನ್ನುವ ಮಾತು ಬರುವುದಿಲ್ಲ. ಹಾಗೆಯೇ ‘ನನಗೆ ಎಲ್ಲ ಅರ್ಥವಾಯಿತು, ನಿನ್ನ ಲೀಲೆ ದೊಡ್ಡದು’ ಅನ್ನುವ ಮಾತೂ ಬರುವುದಿಲ್ಲ. ಇಲ್ಲಿ ಸಂಶಯ ಇರುವುದು ದೇವರ ಇರವಿನ ಬಗ್ಗೆ ಅಲ್ಲ, ಅವನ ಕರುಣೆಯ ಬಗ್ಗೆ. ಅದನ್ನು ಹೇಳುತ್ತಿರುವುದು ಅವನ ಮುಖಕ್ಕೇ. ನಾನು ಪಾಠ ಮಾಡುವಾಗ ಮಕ್ಕಳಿಗೆ ಮೊದಲು ಹುಡುಕಲು ಹೇಳುವುದು ಇದನ್ನೇ: ಈ ಹಾಡು ಯಾರ ಜೊತೆ ಮಾತಾಡುತ್ತಿದೆ? ದೇವರ ಜೊತೆಗಾ, ದೇವರ ಬಗ್ಗೆ ಬೇರೆಯವರ ಜೊತೆಗಾ, ತನ್ನ ಮನಸ್ಸಿನ ಜೊತೆಗಾ? ‘ನೀನು ಕರುಣಾಕರ ಅಂತ ಯಾಕೆ ಅನ್ನಬೇಕು’ ಅಂತ ದೇವರನ್ನೇ ಕೇಳುವವರು ಅವನ ಜೊತೆ ಜಗಳದಲ್ಲಿದ್ದಾರೆ. ನಂಬಿಕೆ ಬಿಟ್ಟವರಿಗೆ ಆ ಜಗಳ ಬೇಕಾಗುವುದಿಲ್ಲ. ಎದುರಿಗೆ ಯಾರೂ ಇಲ್ಲದ ಮೇಲೆ ಯಾರನ್ನು ಬೈಯೋದು?

ಹಾಗಾದರೆ ಹಿರಿಯರು ಹೇಳಿದ ನಿಂದಾಸ್ತುತಿಯೇ ಸರಿ ಅಲ್ವಾ ಅಂತ ನೀವು ಕೇಳಬಹುದು. ಪೂರ್ತಿ ಸರಿ ಅಂತ ನಾನು ಹೇಳಲಾರೆ. ಯಾಕೆ ಅಂತ ತಿಳಿಯಬೇಕಾದರೆ ನಿಜವಾದ ನಿಂದಾಸ್ತುತಿ ಒಂದನ್ನು ಪಕ್ಕದಲ್ಲಿ ಇಟ್ಟು ನೋಡಬೇಕು.

ಪುರಂದರದಾಸರದ್ದೇ ‘ಆರು ಬದುಕಿದರಯ್ಯ ಹರಿ ನಿನ್ನ ನಂಬಿ’ ಅನ್ನುವ ಪದ ಇದೆ. ನಿನ್ನನ್ನು ನಂಬಿ ಬದುಕಿದವರು ಯಾರಿದ್ದಾರೆ, ಈ ಜಗತ್ತಿನಲ್ಲಿ ಒಬ್ಬರನ್ನು ತೋರಿಸು ಅಂತ ಶುರುವಾಗುತ್ತದೆ. ಆಮೇಲೆ ಪಟ್ಟಿ. ಯುದ್ಧ ಶುರುವಾಗುವ ಮುಂಚೆಯೇ ಕರ್ಣನನ್ನು ಕೊಂದೆ. ಹುಟ್ಟಿನ ಗುಟ್ಟು ಹೇಳಿ ಅವನ ಬಲ ಕಳೆದದ್ದನ್ನೇ ದಾಸರು ಕೊಂದೆ ಅಂತಾರೆ, ಎಂಥ ಮಾತು ನೋಡಿ! ನೆಲ ಬೇಡಲು ಹೋಗಿ ಬಲಿಯನ್ನು ತುಳಿದೆ. ಮೊಲೆ ಕೊಡಲು ಬಂದವಳ ಜೀವವನ್ನೇ ತೆಗೆದೆ. ಕೊನೆಗೆ, ನಿನ್ನನ್ನು ನಂಬಿದರೆ ತಿರುಪೆಯೂ ಹುಟ್ಟುವುದಿಲ್ಲ ಅಂತಾರೆ. ಕೇಳಲು ‘ಕರುಣಾಕರ’ಕ್ಕಿಂತ ಖಾರವಾಗಿದೆ. ಆದರೂ ಇದು ಹಗುರ. ಯಾಕೆಂದರೆ ಕೇಳುವವರಿಗೆ ಈ ಕಥೆಗಳ ಉಳಿದ ಅರ್ಧ ಗೊತ್ತಿದೆ. ಭಾಗವತದ ಪ್ರಕಾರ ತುಳಿಸಿಕೊಂಡ ಬಲಿಗೆ ಸುತಲ ಲೋಕ ಸಿಕ್ಕಿತು, ವಿಷ್ಣುವೇ ಅವನ ಬಾಗಿಲು ಕಾಯುವವನಾದ. ವಿಷದ ಹಾಲು ಕೊಟ್ಟ ಪೂತನಿಗೆ ತಾಯಿಗೆ ಸಿಗುವ ಗತಿ ಸಿಕ್ಕಿತು. ಪ್ರತಿ ಬೈಗುಳವನ್ನೂ ತಿರುಗಿಸಿದರೆ ಹಿಂದೆ ಒಂದು ಹೊಗಳಿಕೆ ಇದೆ. ದಾಸರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಇಬ್ಬರೂ ಸೇರಿ ದೇವರನ್ನು ರೇಗಿಸುತ್ತಿದ್ದಾರೆ. ನಿಂದಾಸ್ತುತಿ ಅಂದರೆ ಇದು.

ಈಗ ‘ಕರುಣಾಕರ’ಕ್ಕೆ ಬನ್ನಿ. ಅದರಲ್ಲೂ ಬಲಿ ಬರುತ್ತಾನೆ. ಅಲ್ಲಿ ತುಳಿಸಿಕೊಂಡವನಾಗಿ ಬಂದವನು ಇಲ್ಲಿ ಕಾಪಾಡಿಸಿಕೊಂಡವನಾಗಿ ಬರುತ್ತಾನೆ. ಆದರೆ ಇಲ್ಲಿ ತಿರುಗಿಸಲು ಏನೂ ಇಲ್ಲ. ಹೊಗಳಿಕೆಯನ್ನು ಮೊದಲೇ ಹೇಳಿ, ಅದನ್ನೇ ಕಂತೆ ಅಂದುಬಿಟ್ಟಿದ್ದಾರೆ. ಬೈಗುಳದ ಹಿಂದೆ ಬಚ್ಚಿಟ್ಟ ಸ್ತುತಿ ಎಲ್ಲಿದೆ? ನನಗೆ ಕಾಣುವುದಿಲ್ಲ. ಇಲ್ಲಿರುವುದು ನೊಂದವರ ನೇರ ಪ್ರಶ್ನೆ. ಅದಕ್ಕೇ ನಿಂದಾಸ್ತುತಿ ಅನ್ನುವ ಒಂದೇ ಚೀಟಿಯನ್ನು ಎರಡೂ ಪದಗಳಿಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದಾಗ ನಾವು ದೇವರನ್ನು ಕಾಪಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಹಾಡಿನ ನೋವಿನಿಂದ ನಮ್ಮನ್ನು ಕಾಪಾಡಿಕೊಳ್ಳುತ್ತಿರುತ್ತೇವೆ.

ಇಂಥ ಜಗಳಕ್ಕೆ ದಾಸರ ಮತದಲ್ಲೇ ಜಾಗ ಇದೆ ಅನ್ನುವುದನ್ನೂ ಹೇಳಬೇಕು. ಪುರಂದರದಾಸರ ಗುರು ವ್ಯಾಸರಾಯರು, ಮಧ್ವ ಪರಂಪರೆಯ ಯತಿಗಳು. ಮಧ್ವಮತದಲ್ಲಿ ಜೀವ ಬೇರೆ, ದೇವರು ಬೇರೆ. ಕೊನೆಯವರೆಗೂ ಬೇರೆಯೇ. ಒಬ್ಬ ಒಡೆಯ, ಇನ್ನೊಬ್ಬ ದಾಸ. ಜಗಳ ಆಗಬೇಕಾದರೆ ಇಬ್ಬರು ಬೇಕು, ಆ ಇಬ್ಬರ ನಡುವೆ ಒಂದು ಹಕ್ಕೂ ಇರಬೇಕು. ದಾಸನಿಗೆ ಕೆಲಸ ಮಾಡುವ ಹೊಣೆ ಇದ್ದ ಹಾಗೆ, ಒಡೆಯನಿಗೆ ಸಾಕುವ ಹೊಣೆ ಇದೆ. ‘ಕರುಣಾಕರ’ದ ದಾಸರು ಆ ಹೊಣೆಯನ್ನು ನೆನಪಿಸುತ್ತಿದ್ದಾರೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ಹಾಡನ್ನೂ ನಿಮ್ಮ ಮಗಳಿಗೆ ಕೇಳಿಸಿ. ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ, ಎಲ್ಲರನು ಸಲಹುವನು ಇದಕೆ ಸಂಶಯವಿಲ್ಲ’. ಇದನ್ನು ಎಲ್ಲರೂ ಗಟ್ಟಿ ನಂಬಿಕೆಯ ಹಾಡು ಅಂತಾರೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರು ಎರೆದವರು ಯಾರು, ಕಲ್ಲಿನೊಳಗೆ ಹುಟ್ಟಿದ ಕಪ್ಪೆಗೆ ಆಹಾರ ತಂದುಕೊಟ್ಟವರು ಯಾರು ಅಂತ ಒಂದೊಂದೇ ಸಾಕ್ಷಿ ಕೊಡುತ್ತಾ ಹೋಗುತ್ತದೆ. ಆದರೆ ಇದು ಯಾರ ಜೊತೆ ಮಾತಾಡುತ್ತಿದೆ? ದೇವರ ಜೊತೆ ಅಲ್ಲ. ತನ್ನದೇ ಮನಸ್ಸಿನ ಜೊತೆ. ಆ ಮನಸ್ಸು ಹೇಗಿದೆ? ತಲ್ಲಣಿಸುತ್ತಿದೆ. ಶಾಂತವಾಗಿರುವ ಮನಸ್ಸಿಗೆ ಯಾರೂ ‘ತಾಳು’ ಅನ್ನುವುದಿಲ್ಲ. ಸಂಶಯವೇ ಇಲ್ಲದವರಿಗೆ ‘ಸಂಶಯವಿಲ್ಲ’ ಅಂತ ಹೇಳಿಕೊಳ್ಳುವ, ಅದಕ್ಕೆ ಸಾಕ್ಷಿ ಒದಗಿಸುವ ಅಗತ್ಯ ಬರುವುದಿಲ್ಲ. ನಾಳೆ ಏನು ಗತಿ ಅನ್ನುವ ಹೆದರಿಕೆ ಈ ಹಾಡಿನ ತಳದಲ್ಲಿ ಇದೆ. ನಂಬಿಕೆ ಆ ಹೆದರಿಕೆಯ ತಲೆ ಸವರುತ್ತಿದೆ.

ಅಂದರೆ ನೋಡಿ, ಬಾಯಲ್ಲಿ ‘ಭರವಸವಿಲ್ಲ’ ಅನ್ನುವ ಪದದಲ್ಲಿ ನಂಬಿಕೆಯ ಗಟ್ಟಿ ಹಿಡಿತ ಇದೆ. ‘ಸಂಶಯವಿಲ್ಲ’ ಅನ್ನುವ ಪದದಲ್ಲಿ ಸಂಶಯದ ನಡುಕ ಇದೆ. ಹಾಡಿನ ಮೇಲ್ಮಾತನ್ನು ಮಾತ್ರ ಹಿಡಿದು ಇದು ಆಸ್ತಿಕ, ಅದು ನಾಸ್ತಿಕ ಅಂತ ವಿಂಗಡಿಸಲು ಹೋದರೆ ಎರಡೂ ಕಡೆ ತಪ್ಪುತ್ತೇವೆ.

ಪ್ರಶ್ನೆ ಇದ್ದಲ್ಲೆಲ್ಲ ಸಂಶಯ ಇದೆ ಅಂತಲೂ ತಿಳಿಯಬೇಡಿ. ‘ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ’ ಅಂತ ಕನಕದಾಸರು ಪದದ ತುಂಬ ಪ್ರಶ್ನೆ ಕೇಳುತ್ತಾರೆ. ಅದು ಬೆರಗು. ಉತ್ತರ ಸಿಗದಿದ್ದರೂ ಅವರಿಗೆ ಬೇಸರವಿಲ್ಲ.

ನಿಮ್ಮ ಮಗಳ ಇನ್ನೊಂದು ಮಾತು: ‘ದಾಸರಿಗೂ ನಂಬಿಕೆ ಇರಲಿಲ್ಲ’. ಹಾಡಿನಿಂದ ಹಾಡಿದವರ ಒಳಗನ್ನು ಅಳೆಯುವುದು ಕಷ್ಟ. ದಾಸರ ಪದಗಳಲ್ಲಿ ಅದು ಇನ್ನೂ ಜಾಸ್ತಿ ಕಷ್ಟ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಅಂತ ಪರಂಪರೆ ಹೇಳುತ್ತದೆ. ದಾಸರ ಪದಗಳ ಸಂಗ್ರಹ ಅಚ್ಚಿಗೆ ಬಂದದ್ದು 1850ರ ಸುಮಾರಿಗೆ. ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಅವರೇ ಅದನ್ನೂ ಮಾಡಿದರು. ನಡುವಿನ ಸುಮಾರು ಮುನ್ನೂರು ವರ್ಷ ಈ ಪದಗಳು ಹಾಡುವವರ ಬಾಯಲ್ಲಿ, ಕೈಬರಹದ ಪ್ರತಿಗಳಲ್ಲಿ ಉಳಿದು ಬಂದವು. ಅದಕ್ಕೇ ಒಂದೇ ಪದಕ್ಕೆ ಒಂದೊಂದು ಕಡೆ ಒಂದೊಂದು ಪಾಠ, ಅಂದರೆ ಮಾತುಗಳ ಬೇರೆ ಬೇರೆ ರೂಪ ಇರುತ್ತದೆ. ಚರಣಗಳು ಹಿಂದೆ ಮುಂದೆ ಆಗಿರುತ್ತವೆ. ಯಾವ ಪದವನ್ನು ಯಾವ ದಿನ, ಯಾವ ಕಷ್ಟದಲ್ಲಿ ಕಟ್ಟಿದರು ಅನ್ನುವುದಕ್ಕೆ ದಾಖಲೆ ಇಲ್ಲ. ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕ, ಹೆಂಡತಿಯ ಮೂಗುತಿ, ಆಮೇಲೆ ದಾಸನಾದದ್ದು, ಈ ಕಥೆ ನಮಗೆಲ್ಲ ಪ್ರೀತಿಯದ್ದು. ಆದರೆ ಆ ಕಥೆಗೆ ಹೊಂದಿಸಲು ಹೋಗಿ ‘ಇದು ನಂಬಿಕೆ ಬರುವ ಮುಂಚಿನ ಪದ, ಇದು ಬಂದ ಮೇಲಿನದು’ ಅಂತ ಸಾಲು ಜೋಡಿಸುವುದು ಸರಿಯಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಹೊಗಳಿ ಸಂಜೆ ಜಗಳ ಆಡಬಹುದು. ಎರಡೂ ಅವನದ್ದೇ.

ರಾಗದಿಂದಲೂ ಮೋಸ ಹೋಗಬೇಡಿ. ದಾಸರ ಕಾಲದ ಮಟ್ಟುಗಳು ಬಹುಪಾಲು ಉಳಿದಿಲ್ಲ. ಇವತ್ತು ನಾವು ಕೇಳುವ ರಾಗ ಸಂಯೋಜನೆ ಹೆಚ್ಚಿನ ಸಲ ಆಮೇಲಿನವರದ್ದು. ‘ಕರುಣಾಕರ’ವನ್ನು ತಾಳ ಕುಟ್ಟಿ ಜೋರಾಗಿ ಹಾಡಿದರೆ ನಿಂದಾಸ್ತುತಿಯ ಹಾಗೆ ಕೇಳುತ್ತದೆ. ನಿಧಾನಕ್ಕೆ ಹಾಡಿದರೆ ಎದೆ ಹಿಂಡುತ್ತದೆ. ಕಛೇರಿಗಳಲ್ಲಿ ಸಮಯ ಸಾಲದೆ ಚರಣ ಬಿಡುವುದೂ ಉಂಟು. ‘ಕಂತೆಗಳಂತೆ’ ಸಾಲು ಬಿಟ್ಟುಹೋದರೆ ಪದದ ಬೆನ್ನುಮೂಳೆಯೇ ಹೋಯಿತು. ಬಿರುದಿನ ಚರಣ ಬಿಟ್ಟುಹೋದರೆ ನಿಮ್ಮ ಮಗಳು ಹೇಳಿದ ಅರ್ಥವೇ ಉಳಿಯುತ್ತದೆ.

ಈಗ ಹಿರಿಯರು ಬೇಡ ಅಂದ ಹಾಡು. ‘ಎಲ್ಲೋ ಹುಡುಕಿದೆ ಇಲ್ಲದ ದೇವರ, ಕಲ್ಲು ಮಣ್ಣುಗಳ ಗುಡಿಯೊಳಗೆ’. ಜಿ.ಎಸ್. ಶಿವರುದ್ರಪ್ಪನವರ ಕವಿತೆ, ಸಿ. ಅಶ್ವತ್ಥ್ ಅವರ ದನಿಯಲ್ಲಿ ಮನೆಮನೆ ಸೇರಿದ ಭಾವಗೀತೆ. ನಿಮ್ಮ ಹಿರಿಯರ ಕಿವಿಗೆ ‘ಇಲ್ಲದ ದೇವರ’ ಅನ್ನುವುದು ಚುಚ್ಚಿದೆ. ಅದು ಚುಚ್ಚುವ ಮಾತೇ, ಅವರನ್ನು ತಪ್ಪು ಅನ್ನುವುದಿಲ್ಲ. ಆದರೆ ಸಾಲನ್ನು ಎರಡು ಥರ ಕೂಡಿಸಬಹುದು. ಇಲ್ಲವೇ ಇಲ್ಲದ ದೇವರನ್ನು ಗುಡಿಯಲ್ಲಿ ಹುಡುಕಿದೆ ಅಂತ ಒಂದು. ಗುಡಿಯೊಳಗೆ ಇಲ್ಲದ ದೇವರನ್ನು ಅಲ್ಲಿ ಹೋಗಿ ಹುಡುಕಿದೆ ಅಂತ ಇನ್ನೊಂದು. ಕವಿ ಎರಡಕ್ಕೂ ಬಾಗಿಲು ತೆರೆದಿಟ್ಟಿದ್ದಾರೆ. ಮುಂದಿನ ಸಾಲು ಬಂದಾಗ ಹಾಡಿನ ಭಾರ ಎಲ್ಲಿದೆ ಅಂತ ಗೊತ್ತಾಗುತ್ತದೆ: ‘ಇಲ್ಲೇ ಇರುವ ಪ್ರೀತಿ ಸ್ನೇಹಗಳ ಗುರುತಿಸದಾದೆನು ನಮ್ಮೊಳಗೆ’. ಹತ್ತಿರ ಇದ್ದದ್ದನ್ನು ನೋಡಲಿಲ್ಲವಲ್ಲ ಅನ್ನುವ ಪಶ್ಚಾತ್ತಾಪ ಇದು. ಮುಂದೆಲ್ಲ ಬರುವುದು ನಮ್ಮ ಅಹಂಕಾರ, ನಮ್ಮ ಹೊಂದಿಕೆಯ ಕಷ್ಟ. ಹಾಡು ದೇವರನ್ನು ಎದುರು ಹಾಕಿಕೊಂಡಿಲ್ಲ. ನಮ್ಮನ್ನು ಎದುರು ಹಾಕಿಕೊಂಡಿದೆ.

ಗುಡಿ ಬೇಡ ಅಂದ ಮಾತ್ರಕ್ಕೆ ದೇವರೂ ಬೇಡ ಅಂದ ಹಾಗಲ್ಲ ಅನ್ನುವುದು ನಮ್ಮ ನಾಡಿಗೆ ಹೊಸದಲ್ಲ. 12ನೇ ಶತಮಾನದಲ್ಲೇ ಬಸವಣ್ಣನವರು ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಅಂದರು. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಬಸವಣ್ಣನವರು ಅದನ್ನು ಹೇಳುವುದು ‘ಕೂಡಲಸಂಗಮದೇವಾ ಕೇಳಯ್ಯಾ’ ಅಂತ, ದೇವರಿಗೇ. ಶಿವರುದ್ರಪ್ಪನವರ ಹಾಡಿನಲ್ಲಿ ಆ ‘ಕೇಳಯ್ಯಾ’ ಇಲ್ಲ. ಕೇಳುವ ದೇವರು ಆ ಹಾಡಿನೊಳಗೆ ಇಲ್ಲ. ಅದನ್ನೂ ಭಕ್ತಿಗೀತೆ ಅಂತ ಎಳೆದು ತಂದು ಸಮಾಧಾನ ಮಾಡಿಕೊಳ್ಳುವುದು ಬೇಡ. ಅದು ಮನುಷ್ಯರ ನಡುವಿನ ಪ್ರೀತಿಗೆ ದೇವರ ಜಾಗ ಕೊಡುವ ಹಾಡು. ಹಾಗಂತ ಕವಿ ನಾಸ್ತಿಕರು ಅಂತಲೂ ತೀರ್ಪು ಕೊಡಬೇಡಿ. ಇದೇ ಕವಿ ‘ಕಾಣದ ಕಡಲಿಗೆ ಹಂಬಲಿಸಿದೆ ಮನ’ ಅಂತಲೂ ಬರೆದರು. ಕಾಣದ್ದಕ್ಕಾಗಿ ಅಷ್ಟು ಹಂಬಲ ಇಟ್ಟುಕೊಂಡವರನ್ನು ಒಂದು ಸಾಲು ಹಿಡಿದು ಯಾವ ಗುಂಪಿಗೆ ಸೇರಿಸುತ್ತೀರಿ?

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಇನ್ನೊಂದು ಪದ್ಯ ಇದೆ. ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು. ಅದನ್ನು ರಾಗ ಹಾಕಿ ಹಾಡುವವರು ಇವತ್ತಿಗೂ ಬೇಕಾದಷ್ಟು ಜನ ಇದ್ದಾರೆ. ಅದರ ಶುರುವಿನಲ್ಲೇ ಒಂದು ಪದ್ಯ ‘ಇಹುದೊ ಇಲ್ಲವೊ ತಿಳಿಯಗೊಡದೊಂದು ವಸ್ತು’ ಅಂತ ಹೊರಡುತ್ತದೆ. ಇದೆಯೋ ಇಲ್ಲವೋ ಗೊತ್ತಾಗಲು ಬಿಡದ ಒಂದು ವಸ್ತು. ಅದೇ ಜಗತ್ತಾಗಿ, ಜೀವದ ವೇಷ ಹಾಕಿ ಆಡುತ್ತಿದೆ ಅನ್ನುವುದು ನಿಜವೇ ಆಗಿದ್ದರೆ, ಆ ಆಳವಾದ ತತ್ತ್ವಕ್ಕೆ ‘ಶರಣೊ’ ಅಂತ ಮುಗಿಯುತ್ತದೆ. ಒಂದೇ ಪದ್ಯ, ನಾಲ್ಕೇ ಸಾಲು. ಮೊದಲ ತುದಿಯಲ್ಲಿ ‘ಇಲ್ಲವೊ’, ಕೊನೆಯ ತುದಿಯಲ್ಲಿ ‘ಶರಣೊ’. ನಡುವೆ ಒಂದು ‘ಆಗಿದ್ದರೆ’. ಮೊದಲು ಸಂಶಯ ತೀರಲಿ, ಆಮೇಲೆ ಕೈ ಮುಗಿಯುತ್ತೇನೆ ಅಂತ ಡಿವಿಜಿ ಕಾಯಲಿಲ್ಲ. ಸಂಶಯವನ್ನು ಕೈಯಲ್ಲಿ ಹಿಡಿದುಕೊಂಡೇ ಕೈ ಮುಗಿದರು. ನಂಬಿಕೆ, ಸಂಶಯ ಎರಡನ್ನೂ ಬೇರೆ ಬೇರೆ ಹಾಡುಗಳಲ್ಲಿ ಹುಡುಕುವವರಿಗೆ ನಾನು ಈ ನಾಲ್ಕು ಸಾಲು ಓದಿಸುತ್ತೇನೆ.

ಇನ್ನು ನಿಮ್ಮ ಮನೆಯ ವಿಷಯ.

ಅಮ್ಮನ ಹತ್ತಿರ ‘ಯಾಕೆ ಅದೊಂದೇ ಹಾಡು’ ಅಂತ ಕೇಳಬೇಡಿ. ‘ಅದು ನಿಜವಾದ ಬೈಗುಳ ಅಲ್ಲ ಬಿಡಿ’ ಅಂತ ಸಮಾಧಾನವನ್ನೂ ಹೇಳಬೇಡಿ. ಅವರಿಗೆ ಅದು ನಿಜವಾದ ಬೈಗುಳವೇ ಇರಬಹುದು. ಇರಲಿ. ಅವರು ಬೈಯಲು ಆರಿಸಿಕೊಂಡ ಜಾಗ ಭಜನಾ ಮಂಡಳಿ. ದೇವರ ಎದುರು ಕೂತು, ಅವನ ದಾಸರ ಮಾತಿನಲ್ಲೇ, ಹತ್ತು ಜನರ ಜೊತೆ ಬೈಯುತ್ತಿದ್ದಾರೆ. ನಂಬಿಕೆ ಬಿಟ್ಟವರು ಮಂಡಳಿಗೆ ಬರುವುದನ್ನು ಬಿಡುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ನೀವು ಮಾಡಬಹುದಾದದ್ದು ಒಂದಿದೆ. ಪದ ಪೂರ್ತಿ ಆಗುವವರೆಗೆ ಅವರ ಜೊತೆ ದನಿ ಕೂಡಿಸಿ. ಅದರಲ್ಲೂ ಬಿರುದಿನ ಚರಣಕ್ಕೆ ಎಲ್ಲರ ದನಿಯೂ ಬೇಕು. ಅಷ್ಟು ದೊಡ್ಡ ಲೆಕ್ಕವನ್ನು ಒಬ್ಬರೇ ಕೇಳುವುದು ಕಷ್ಟ.

ಹಿರಿಯರಿಗೆ ಗೌರವದಿಂದಲೇ ಹೇಳಿ: ದೇವರ ಕಥೆಗಳನ್ನು ಕಂತೆ ಅನ್ನುವ ಪದಕ್ಕೆ ಮಂಡಳಿಯಲ್ಲಿ ಜಾಗ ಇದೆ ಅಂದ ಮೇಲೆ, ನಮ್ಮೊಳಗಿನ ಪ್ರೀತಿ ಗುರುತಿಸಲಿಲ್ಲ ಅಂತ ಕೊರಗುವ ಹಾಡಿಗೆ ಇಲ್ಲ ಅನ್ನುವುದು ಹೇಗೆ? ಅವರು ಒಪ್ಪದಿದ್ದರೆ ಹಟ ಮಾಡಬೇಡಿ. ಭಜನೆಯ ಸಮಯ ಹರಿನಾಮಕ್ಕೆ ಅಂತ ಅವರು ಅಂದರೆ ಅದೂ ಒಪ್ಪುವ ಮಾತೇ. ಮಗಳು ಅದನ್ನು ಮನೆಯಲ್ಲಿ ಅಜ್ಜಿಯ ಮುಂದೆ ಹಾಡಲಿ.

ಆಮೇಲೆ ಮಗಳಿಗೆ ಒಂದು ಕೆಲಸ ಕೊಡಿ. ‘ಕರುಣಾಕರ’, ‘ಆರು ಬದುಕಿದರಯ್ಯ’, ‘ತಲ್ಲಣಿಸದಿರು’ ಮೂರನ್ನೂ ಪೂರ್ತಿ ಚರಣಗಳ ಸಮೇತ ಕೈಯಲ್ಲಿ ಬರೆದುಕೊಳ್ಳಲಿ. ಸಿಕ್ಕರೆ ಎರಡು ಬೇರೆ ಬೇರೆ ಪುಸ್ತಕಗಳಿಂದ, ಪಾಠ ಎಲ್ಲಿ ಬದಲಾಗಿದೆ ಅಂತಲೂ ಕಾಣುತ್ತದೆ. ಪ್ರತಿ ಚರಣದ ಪಕ್ಕ ಇದು ಯಾರಿಗೆ ಹೇಳಿದ್ದು ಅಂತ ಬರೆಯಲಿ. ಬರೆದದ್ದನ್ನು ಅಜ್ಜಿಗೆ ತೋರಿಸಲಿ. ತಿದ್ದುವುದಿದ್ದರೆ ಅಜ್ಜಿಯೇ ತಿದ್ದುತ್ತಾರೆ.